ವಿಜಯ್ ದಿವಸ್ ಭಾಷಣಕ್ಕೆ ಅರುಣ್ ಖೇತ್ರಪಾಲ್ ಕಥೆ, ಅವರಪ್ಪನ ಭಾಗ ಸೇರಿಸ್ಬಹುದಾ?

ಮಲ್ನಾಡಮ್ಮ
ಎಲ್ರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಡಿಸೆಂಬರ್ 16ಕ್ಕೆ ಸ್ಕೂಲಲ್ಲಿ ಮಾತಾಡ್ಬೇಕು, ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಬಗ್ಗೆ ಹೇಳ್ತೀನಿ ಅಂತ ಅವಳೇ ಆರಿಸ್ಕೊಂಡಿದಾಳೆ. 1971ರ ಭಾರತ-ಪಾಕಿಸ್ತಾನ ಯುದ್ಧ, ಅದರಲ್ಲಿ ಬಸಂತರ್ ಕದನ, 21 ವರ್ಷ, ಪರಮವೀರ ಚಕ್ರ, ಇಷ್ಟು ಬರ್ಕೊಂಡಿದಾಳೆ. ಅವರನ್ನ ಕೊಂದ ಪಾಕಿಸ್ತಾನದ ಆಫೀಸರೇ ಎಷ್ಟೋ ವರ್ಷ ಆದ್ಮೇಲೆ ಅವರಪ್ಪನ ಹತ್ರ ಹೇಳ್ಕೊಂಡ್ರಂತೆ, ನಿಜಾನಾ? ನಿಜ ಆದ್ರೂ ಸ್ಟೇಜ್ ಮೇಲೆ ಹೇಳಿದ್ರೆ ಯಾರಾದ್ರೂ ತಪ್ಪು ತಿಳ್ಕೋತಾರೇನೋ ಅಂತ ಭಯ.

ಧಾರವಾಡ್ಮಂದಿ
ಖರೇ ಐತ್ರೀ ಅಕ್ಕಾರ. ತಂದಿ ಬ್ರಿಗೇಡಿಯರ್ ಎಂ.ಎಲ್. ಖೇತ್ರಪಾಲ್, ಹುಟ್ಟಿದ್ದು ಸರ್ಗೋಧಾದಾಗ, ಅದು ಈಗ ಪಾಕಿಸ್ತಾನದಾಗ ಐತಿ. 2001ರಾಗ, 81ರ ವಯಸ್ಸಿನ್ಯಾಗ, ಹುಟ್ಟಿದ ಊರು ಒಮ್ಮೆ ನೋಡೂಣಂತ ಹೋಗಿದ್ರು. ಲಾಹೋರ್‌ನ್ಯಾಗ ಅವ್ರನ್ನ ಮನ್ಯಾಗ ಇಟ್ಕೊಂಡು ಉಪಚಾರ ಮಾಡಿದಾವ್ರು ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸರ್. ತಮ್ಮ ಕೈಯಿಂದನ ನಿಮ್ಮ ಮಗಾ ಸತ್ತ ಅಂತ ಅವ್ರ ಬಾಯಿಬಿಟ್ಟು ಹೇಳಿದ್ರು. ಉಪ್ಪು ಉಂಡ ಮನ್ಯಾಗ ಕುಂತು ಆ ಮಾತು ಕೇಳೂದಂದ್ರ ಹೆಂಗಿದ್ದೀತು ಹೇಳ್ರಿ. ನನಗಂತೂ ನೆನಸ್ಕೊಂಡ್ರ ಗಂಟಲು ಕಟ್ಟತೈತಿ.

ಸಿಗ್ನಲ್ಸ್_ನಿವೃತ್ತ
ಮೇಡಂ, ನಾನಾದ್ರೆ ಅದನ್ನ ಬಿಡ್ತೀನಿ. ಸಿಗೋದೇ ನಾಲ್ಕೈದು ನಿಮಿಷ. ವಿಜಯ್ ದಿವಸ್ ದಿನ ಮಕ್ಕಳ ಮನಸ್ಸಲ್ಲಿ ನಿಲ್ಬೇಕಾಗಿದ್ದು ಆ ಹುಡುಗ, ಹೊಡೆದವರು ಏನಂದ್ರು ಅನ್ನೋದಲ್ಲ. ಟ್ಯಾಂಕಿಗೆ ಬೆಂಕಿ ಬಿದ್ದಿದೆ, ಬಿಟ್ಟು ಬಾ ಅಂತ ಆರ್ಡರ್ ಬಂದ್ರೂ ಇಲ್ಲ ಸರ್ ನನ್ನ ಗನ್ ಇನ್ನೂ ಕೆಲಸ ಮಾಡ್ತಿದೆ ಅಂತ ವೈರ್‌ಲೆಸ್‌ನಲ್ಲಿ ಹೇಳಿದ್ರಲ್ಲ, ಅಲ್ಲಿಗೆ ಮುಗಿಸ್ಲಿ.

ಓದುಗುಬ್ಬಿ
ನಿವೃತ್ತ ಸರ್, ನಿಮ್ಮ ಮಾತಿಗೆ ಗೌರವ ಇದೆ, ಆದ್ರೂ ಅಪ್ಪನ ಭಾಗ ಬೇಕು ಅನ್ಸುತ್ತೆ. ಬರೀ ಎಷ್ಟು ಟ್ಯಾಂಕ್ ಹೊಡೆದ್ರು ಅಂತ ಹೇಳಿದ್ರೆ ಮಕ್ಕಳಿಗೆ ಅವರು ಫೋಟೋದಲ್ಲಿರೋ ಯಾರೋ ದೊಡ್ಡ ಮನುಷ್ಯ ಆಗ್ಬಿಡ್ತಾರೆ, ನಿಜವಾಗಿ ನೋಡಿದ್ರೆ ಸೈನ್ಯದಲ್ಲಿ ಆಫೀಸರ್ ಆಗಿದ್ದು ಅದೇ ವರ್ಷ ಜೂನ್‌ನಲ್ಲಿ, ಪೂನಾ ಹಾರ್ಸ್ ಅನ್ನೋ ಟ್ಯಾಂಕ್ ರೆಜಿಮೆಂಟ್ ಸೇರಿ ಆರು ತಿಂಗಳು, ಅಹಮದ್‌ನಗರದಲ್ಲಿ ಕೋರ್ಸ್ ಇನ್ನೂ ಮುಗಿದಿರ್ಲಿಲ್ಲ. ಯುದ್ಧಕ್ಕೆ ಹೊರಡೋವಾಗ ಗಾಲ್ಫ್ ಸ್ಟಿಕ್ಕೂ ಪ್ಯಾಕ್ ಮಾಡ್ಕೊಂಡಿದ್ರಂತೆ, ಲಾಹೋರ್‌ನಲ್ಲಿ ಆಡ್ತೀನಿ ಅಂತ. ಮಗ ಹೋಗ್ತೀನಿ ಅಂದ ಊರಿಗೆ ಅಪ್ಪ ಮೂವತ್ತು ವರ್ಷ ಆದ್ಮೇಲೆ ಹೋಗಿ, ಮಗನನ್ನ ಕೊಂದವರ ಮನೇಲೇ ಅತಿಥಿಯಾಗಿದ್ರು. ಇದನ್ನ ಹೇಗೆ ಬಿಡೋದು? ಅದನ್ನ ಹೇಳಿದ್ರೆ ಅರುಣ್ ಶೌರ್ಯ ಏನೂ ಕಮ್ಮಿ ಆಗಲ್ಲ, ನಾಸರ್ ಅವರೂ ಎದುರಿಗಿದ್ದ ಆ ಹುಡುಗನ ಧೈರ್ಯ ಹೊಗಳಿದಾರೆ.

ಧಾರವಾಡ್ಮಂದಿ
ಗಾಲ್ಫ್ ಮಾತು ಮರ್ತಿದ್ದೆ ನೋಡ್ರಿ, ಅದನ್ನ ಮೊದ್ಲ ಹೇಳ್ಲಿ, ಹುಡುಗ್ರು ಕಿವಿ ಕೊಡ್ತಾವ.

ಮಲ್ನಾಡಮ್ಮ
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಮಗಳಿಗೆ ಓದಿ ಹೇಳಿದೆ. ವೈರ್‌ಲೆಸ್ ಮಾತು ಇರುತ್ತೆ ಸರ್, ಅಪ್ಪನ ಭಾಗಾನೂ ಇರುತ್ತೆ, ಬಿಡಲ್ಲ ಅಂತಿದಾಳೆ. ಮೇಷ್ಟ್ರು ಟೈಮ್ ಕಮ್ಮಿ ಅಂದ್ರೆ ನಾನೇ ಹೋಗಿ ಕೇಳ್ತೀನಿ.