ಐಐಟಿ ಸೀಟು ಸಿಕ್ಕಿದೆ, ಮನೆಯಲ್ಲಿ ದುಡ್ಡಿಲ್ಲ. ಬಿಟ್ಟುಬಿಡೋದಾ?

ಪೀಣ್ಯದ ಅಣ್ಣ
ತಂಗಿಗೆ ಜೋಸಾ (ಐಐಟಿ ಸೀಟು ಹಂಚೋ) ಕೌನ್ಸೆಲಿಂಗಲ್ಲಿ ಒಬಿಸಿ ಕೋಟಾದಡಿ ಉತ್ತರದ ಒಂದು ಐಐಟಿಯಲ್ಲಿ ಸಿವಿಲ್ ಸಿಕ್ಕಿದೆ. ಸಿಇಟಿಯಲ್ಲಿ ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜು ಕೂಡ ಬರಬಹುದು. ಅಮ್ಮ ಗಾರ್ಮೆಂಟ್ಸಿಗೆ ಹೋಗ್ತಾರೆ, ಅಪ್ಪಂದು ಆಟೋ. ಇಬ್ಬರದೂ ಸೇರಿ ವರ್ಷಕ್ಕೆ ಮೂರು ಲಕ್ಷ ಚಿಲ್ಲರೆ. ವರ್ಷಕ್ಕೆ 2 ಲಕ್ಷ ಫೀಸು ಅಂತ ಕೇಳಿದಾಗಿನಿಂದ ಅಪ್ಪ ಸರಿಯಾಗಿ ಊಟ ಮಾಡ್ತಿಲ್ಲ. ಸೋದರಮಾವ "ಹೆಣ್ಣುಮಗು, ಬಸ್ ಪಾಸಲ್ಲೇ ಓದೋ ಕಾಲೇಜು ಊರಲ್ಲೇ ಇದೆಯಲ್ಲ" ಅಂತಾರೆ. ಏನು ಮಾಡೋದು?

ಗುಬ್ಬಿ ಮೇಷ್ಟ್ರು
ಅಪ್ಪನಿಗೆ ಮೊದಲು ಊಟ ಮಾಡೋಕೆ ಹೇಳಿ. 2016ರಲ್ಲಿ ಐಐಟಿ ಬೋಧನಾ ಶುಲ್ಕ 90 ಸಾವಿರದಿಂದ 2 ಲಕ್ಷಕ್ಕೆ ಏರಿದಾಗಲೇ ವಿನಾಯಿತಿಯೂ ಬಂತು. ಎಸ್‌ಸಿ, ಎಸ್‌ಟಿ, ಅಂಗವಿಕಲ ಮಕ್ಕಳಿಗೆ ಪೂರ್ತಿ ಮಾಫಿ. ಮನೆ ಆದಾಯ 1 ಲಕ್ಷದೊಳಗಿದ್ದರೆ ಯಾವ ಜಾತಿಯವರಿಗಾದರೂ ಪೂರ್ತಿ ಮಾಫಿ. 1ರಿಂದ 5 ಲಕ್ಷದವರಿಗೆ ಮೂರರಲ್ಲಿ ಎರಡು ಪಾಲು ಮಾಫಿ. ನಿಮಗೆ ಬೀಳೋದು ಸುಮಾರು 67 ಸಾವಿರ, ಹಾಸ್ಟೆಲ್ಲು ಮೆಸ್ಸು ಬೇರೆ.

ಕಾಗದ ಪತ್ರದ ಕಡೆ ಹುಷಾರು. ನಮ್ಮ ರಾಜ್ಯದ ಹಿಂದುಳಿದ ವರ್ಗದ 2ಎ, 3ಎ ಸರ್ಟಿಫಿಕೇಟು ಜೋಸಾದಲ್ಲಿ ನಡೆಯಲ್ಲ. ಕೇಂದ್ರದ ನಮೂನೆಯಲ್ಲೇ ಬೇಕು, ಅದೂ ಈ ವರ್ಷ ಏಪ್ರಿಲ್ 1ರ ನಂತರ ಕೊಟ್ಟಿದ್ದು. ನನ್ನ ಇಬ್ಬರು ವಿದ್ಯಾರ್ಥಿಗಳು ರ‍್ಯಾಂಕ್ ಬಂದೂ ಇಲ್ಲೇ ಒದ್ದಾಡಿದರು.

ಸಾಫ್ಟ್‌ವೇರ್ ಸೀನ
ಸಿವಿಲ್‌ಗೋಸ್ಕರ ಅಷ್ಟು ದೂರ? ಯುವಿಸಿಇ 1917ರಿಂದ ಇರೋ ಕಾಲೇಜು, ವಿಶ್ವೇಶ್ವರಯ್ಯನವರು ಶುರು ಮಾಡಿಸಿದ್ದು. ಮನೆ ಊಟ, ಸಾಲ ಇಲ್ಲ. ಇನ್ನು ಬಡವರಿಗೆ ಬಾಗಿಲು ಮುಚ್ಚಿದೆ ಅನ್ನೋ ಅಳುವೂ ಬೇಡ. ಮಾಫಿ ಇದೆ, ಸ್ಕಾಲರ್‌ಶಿಪ್ ಇದೆ, ಓದೋರು ಓದ್ತಾರೆ.

ಹುಬ್ಬಳ್ಳಿ ಮಂದಿ
ಸೀನಣ್ಣಾ, ಓದವ್ರು ಓದ್ತಾರ ಅನ್ನೂದು ಭಾಳ ಸಸ್ತಾ ಮಾತಾತು. 2024ರಾಗ ಉತ್ತರ ಪ್ರದೇಶದ ಕೂಲಿಕಾರನ ಮಗಗ ಧನಬಾದ್ ಐಐಟಿ ಸೀಟ್ ಸಿಕ್ಕಿತ್ತು. ಕಟ್ಟಬೇಕಾಗಿದ್ದು ಬರೇ 17,500 ರೂಪಾಯಿ. ಅದನ್ನ ಊರಾಗ ಕೂಡಿಸೂದರಾಗ ಗಡುವು ಮುಗೀತು, ಸೀಟ್ ಹೋತು. ಕಡೀಕ ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿಯ ತನ್ನ ವಿಶೇಷ ಅಧಿಕಾರ ತಗೊಂಡು ಸೀಟ್ ಕೊಡಸ್ತು. ಎಲ್ಲಾರೂ ಸುಪ್ರೀಂ ಕೋರ್ಟಿಗೆ ಹೋಗಾಕ ಆಗ್ತದೇನು?

ಮಾಫಿ ನಾಕು ವರ್ಷದ ಮಾತು. ನಮ್ಮಂಥವರ ಸೀಟ್ ಹೋಗೂದು ಮೊದ್ಲ ರೊಕ್ಕ ಕಟ್ಟೂ ಆ ನಾಕು ದಿನದಾಗ. ನಂದ ಹೇಳ್ತೀನಿ. ನಾ ಸೇರಿದ ಸಂಸ್ಥೆಯೊಳಗ ಮೊದ್ಲ ಪೂರ್ತಿ ಕಟ್ರಿ, ಮಾಫಿ ಆಮ್ಯಾಲ ಹೊಂದಸ್ತೀವಿ ಅಂದ್ರು. ನಮ್ಮವ್ವ ಕೊರಳಾಗಿನ ಬೋರಮಾಳ ಅಡ ಇಟ್ಟಳು. ಬಿಡಿಸಿದ್ದು ನನಗ ನೌಕರಿ ಹತ್ತಿದ ಮ್ಯಾಲ.

ಸಾಫ್ಟ್‌ವೇರ್ ಸೀನ
ಸರಿ ಗುರು, ಆ ಮಾತು ವಾಪಸ್. ಆದರೆ ಯುವಿಸಿಇ ಬಗ್ಗೆ ಹೇಳಿದ್ದು ಹಾಗೇ ಇರಲಿ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಅನ್ನೋ ಬಡ ಮಕ್ಕಳ ಹೆಚ್ಚುವರಿ ಸೀಟು ಸಿಕ್ಕರೆ ಬೋಧನಾ ಶುಲ್ಕವೇ ಇರಲ್ಲ, ನೋಡಿ.

ಕೋಲಾರದ ಗಂಗಕ್ಕ
ಇನ್ನೊಂದು ಯಾರೂ ಹೇಳ್ತಿಲ್ಲ. ಸಿಇಟಿಯಲ್ಲಿ ಹಳ್ಳಿ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಇದೆ. ಐಐಟಿಗೆ ಬರೆಯೋ ಜೆಇಇಯಲ್ಲಿ ಅದ್ಯಾವುದೂ ಇಲ್ಲ. ಮೇನ್ ಪರೀಕ್ಷೆ 2021ರಿಂದ ಕನ್ನಡದಲ್ಲಿ ಬರೀಬಹುದು, ಅಡ್ವಾನ್ಸ್‌ಡ್ ಮಾತ್ರ ಈಗಲೂ ಇಂಗ್ಲಿಷು, ಹಿಂದಿ. ಇಷ್ಟು ದಾಟಿ ಬಂದ ಹುಡುಗಿಗೆ "ಮನೆ ಹತ್ತಿರ ಓದಮ್ಮ" ಅನ್ನೋಕೆ ನನಗಂತೂ ಬಾಯಿ ಬರಲ್ಲ. ಅಂದಹಾಗೆ, ಅವಳಿಗೇನು ಬೇಕು ಅಂತ ಯಾರಾದರೂ ಕೇಳಿದಿರಾ?

ಬ್ಯಾಂಕ್ ಕೌಂಟರ್
ಸಾಲ ಬೇಕಾದರೆ ಪಿಎಂ ವಿದ್ಯಾಲಕ್ಷ್ಮಿ ನೋಡಿ, 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು. ಅಡಮಾನ ಬೇಡ, ಜಾಮೀನೂ ಬೇಡ. ಆದಾಯ 4.5 ಲಕ್ಷದೊಳಗಿದ್ದು ತಾಂತ್ರಿಕ ಕೋರ್ಸ್ ಸೇರಿದರೆ ಓದುವ ಅವಧಿಯ ಬಡ್ಡಿ ಪೂರ್ತಿ ಸರ್ಕಾರದ್ದು. ಆದರೆ ಹುಬ್ಬಳ್ಳಿಯವರು ಹೇಳಿದ ಆ ನಾಲ್ಕು ದಿನದಲ್ಲಿ ಸಾಲ ಕೈಗೆ ಬರುತ್ತೆ ಅಂತ ನಂಬಬೇಡಿ, ನಾನು ಕೌಂಟರಲ್ಲೇ ಕೂತಿರೋನು. ಮೊದಲ ಕಂತಿಗೆ ಕೈಸಾಲವೋ ಚೀಟಿ ದುಡ್ಡೋ ನೋಡ್ಕೊಳ್ಳಿ.

ಪೀಣ್ಯದ ಅಣ್ಣ
ಗಂಗಕ್ಕ, ನಿಜ ಹೇಳಬೇಕಂದ್ರೆ ಕೇಳಿರಲಿಲ್ಲ. ಈಗ ಕೇಳಿದೆ. "ಹೋಗ್ತೀನಿ, ಆದ್ರೆ ಅಪ್ಪ ಆಟೋ ಮಾರ್ತೀನಿ ಅಂದ್ರೆ ಬೇಡ" ಅಂದಳು. ಅಮ್ಮನ ಲೈನಲ್ಲಿ ಕೆಲಸ ಮಾಡೋರು ಹಾಕ್ಕೊಂಡಿರೋ ಚೀಟಿ ಈ ತಿಂಗಳು ಬೇರೆಯವರ ಸರದಿ, ಅವರು ಬಿಟ್ಟುಕೊಡ್ತೀನಿ ಅಂದಿದ್ದಾರಂತೆ. ಮೇಷ್ಟ್ರೇ, ನಮ್ಮ ಒಬಿಸಿ ಸರ್ಟಿಫಿಕೇಟ್ ತೆಗೆದು ನೋಡಿದೆ, ಕಳೆದ ವರ್ಷದ್ದು. ನಾಳೆ ನಾಲ್ಕನೇ ಶನಿವಾರ, ನಾಡಕಚೇರಿ ರಜೆ. ಬುಧವಾರ ಗಡುವು.

ಗುಬ್ಬಿ ಮೇಷ್ಟ್ರು
ಸೋಮವಾರ ಬಾಗಿಲು ತೆಗೆಯೋ ಮೊದಲೇ ಹೋಗಿ ನಿಂತಿರಿ. ತಂಗಿಯ ಟಿಸಿ, ಅಪ್ಪನ ಜಾತಿ ದಾಖಲೆ, ಸೀಟು ಸಿಕ್ಕ ಪತ್ರದ ಪ್ರತಿ ಎಲ್ಲಾ ಎರಡೆರಡು ಸೆಟ್. ಗಡುವಿನ ದಿನಾಂಕಕ್ಕೆ ಕೆಂಪು ಪೆನ್ನಲ್ಲಿ ಗೆರೆ ಎಳೆದು ತಹಶೀಲ್ದಾರರ ಕೈಗೇ ಕೊಡಿ.