ಬಾಣ 50 ಗ್ರೇನ್ ಜಾಸ್ತಿ ಆಗಿದ್ದಕ್ಕೆ 33 ಅಡಿ ವೇಗ ಹೋಯ್ತು, ಬಿಲ್ಲೇ ಕೆಟ್ಟಿದೆಯಾ?

ಗುರಿತಪ್ಪಿದವ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಹಳೇ ಬಾಣದ ತೂಕ 350 ಗ್ರೇನ್, ಕ್ರೋನೋದಲ್ಲಿ (ವೇಗ ಅಳೆಯುವ ಯಂತ್ರ) ಸೆಕೆಂಡಿಗೆ 278 ಅಡಿ ಬರುತ್ತಿತ್ತು. ಹೊಸದು 400. ಈಗ ಬರುತ್ತಿರುವುದು 245! 50 ಮೀಟರ್‌ನಲ್ಲಿ ಬಾಣ ಎಲ್ಲೋ ಕೆಳಗೆ ಹೋಗಿ ಬೀಳುತ್ತಿದೆ. ಸೈಟ್ (ಗುರಿ ನೋಡುವ ಪಿನ್) ಇಳಿಸಿ ಇಳಿಸಿ ಇನ್ನು ಇಳಿಸಲು ಜಾಗವೇ ಇಲ್ಲ. ಬಿಲ್ಲಿನ ವೇಗ 330 ಅಂತ ಬರೆದಿದ್ದಾರೆ, ಸುಮ್ನೆ ಜಾಹೀರಾತಿಗೆ ಇರಬೇಕು. ಒಂದೇ ಸಮಾಧಾನ ಅಂದರೆ ಬಿಲ್ಲಿನ ಸದ್ದು ಮೊದಲಿಗಿಂತ ಕಮ್ಮಿ.

ಕ್ಯಾಮ್‌ಹುಚ್ಚ:
ಸ್ಟ್ರಿಂಗ್ (ಬಿಲ್ಲಿನ ಹೆದೆ) ಹಿಗ್ಗಿದೆ. ನೂರಕ್ಕೆ ನೂರು. ಸ್ಟ್ರಿಂಗ್, ಕೇಬಲ್ ಹಿಗ್ಗಿದರೆ ಕ್ಯಾಮ್ (ಬಿಲ್ಲಿನ ತುದಿಯ ಚಕ್ರ) ಟೈಮಿಂಗ್ ತಪ್ಪುತ್ತದೆ. ಪೂರ್ತಿ ಎಳೆದಾಗ ಎರಡೂ ಕ್ಯಾಮ್ ಒಟ್ಟಿಗೆ ನಿಲ್ಲುತ್ತವೆಯಾ ಅಂತ ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿ ನೋಡಿಸಿ. ಸ್ಟ್ರಿಂಗ್ ಬಿಚ್ಚಲು ಬಿಲ್ಲನ್ನು ಒತ್ತಿ ಹಿಡಿಯುವ ಬೋ ಪ್ರೆಸ್ ಇದೆಯಾ?

ಹಳೇಬಿಲ್ಲು:
ಡ್ರಾ ವೇಟ್ (ಎಳೆಯಲು ಬೇಕಾದ ಬಲ) ಎಷ್ಟು, ಡ್ರಾ ಲೆಂತ್ (ಎಳೆಯುವ ಉದ್ದ) ಎಷ್ಟು, ಏನೂ ಹೇಳಿಲ್ವಲ್ಲ ಮಾರಾಯ್ರೇ. ಆ 330 ಬರುವುದು 70 ಪೌಂಡ್, 30 ಇಂಚು, 350 ಗ್ರೇನ್ ಬಾಣ ಇಟ್ಟಾಗ. ಡ್ರಾ ಒಂದು ಇಂಚು ಕಮ್ಮಿಯಾದರೇ ಸುಮಾರು 10 ಅಡಿ ಹೋಗುತ್ತದೆ.

ಗುರಿತಪ್ಪಿದವ:
60 ಪೌಂಡ್, 28 ಇಂಚು. ಸಾಮಾನ್ಯವಾಗಿ ಅಷ್ಟೇ ಅಲ್ವಾ, ಅದಕ್ಕೇ ಬರೆಯಲಿಲ್ಲ. ಸ್ಟ್ರಿಂಗ್ ಹಾಕಿ ಎರಡು ತಿಂಗಳೂ ಆಗಿಲ್ಲ.

ಕ್ಯಾಮ್‌ಹುಚ್ಚ:
ಹೊಸ ಸ್ಟ್ರಿಂಗೇ ಹಿಗ್ಗುವುದು! ನಾನು ಹೇಳಿದ್ದು ಅದನ್ನೇ.

ಸಿಡಿಲುಬಾಣ:
245 ಅಂದರೆ ನಡೆದುಕೊಂಡು ಹೋದ ಹಾಗೆ. ನನ್ನದು 70 ಪೌಂಡ್, 30 ಇಂಚು, 340 ಗ್ರೇನ್, ಆರಾಮಾಗಿ 335 ಬರುತ್ತದೆ. 60 ಪೌಂಡ್ ಇಟ್ಟುಕೊಂಡು ವೇಗ ಬೇಕು ಅಂದರೆ ಹೇಗೆ?

ಹಳೇಬಿಲ್ಲು:
70ಕ್ಕೆ 340? ಪೌಂಡಿಗೆ 5 ಗ್ರೇನ್‌ಗಿಂತ ಕೆಳಗೆ ಹೋಗಿದ್ದೀರಿ. ಬಾಣ ಹಗುರವಾದಷ್ಟೂ ಖಾಲಿ ಸ್ಟ್ರಿಂಗ್ ಬಿಟ್ಟ ಹಾಗೆ, ಹೊಡೆತವೆಲ್ಲ ಲಿಂಬ್ (ಬಿಲ್ಲಿನ ಬಾಗುವ ತೋಳು) ಮತ್ತು ಕ್ಯಾಮ್‌ಗೆ. ಇನ್ನು 60 ಪೌಂಡ್ ಬಗ್ಗೆ ನಗಬೇಡಿ. ವರ್ಲ್ಡ್ ಆರ್ಚರಿ ಸ್ಪರ್ಧೆಯಲ್ಲಿ ಕಾಂಪೌಂಡ್‌ಗೆ (ಕ್ಯಾಮ್ ಇರುವ ನಮ್ಮಂಥ ಬಿಲ್ಲಿಗೆ) 60 ಪೌಂಡೇ ಮಿತಿ, ನಿಮ್ಮ ಬಿಲ್ಲನ್ನು ಒಳಗೇ ಬಿಡುವುದಿಲ್ಲ.

ಸಿಡಿಲುಬಾಣ:
ಎರಡು ವರ್ಷದಿಂದ ಹೊಡೆಯುತ್ತಿದ್ದೇನೆ, ಕೂದಲೂ ಕೊಂಕಿಲ್ಲ. ಹೊಸ ಸ್ಟೆಬಿಲೈಸರ್ ಹಾಕಿದ್ದೇನೆ, ಫೋಟೋ ಬೇಕಾ?

ಲೆಕ್ಕದವ:
ಫೋಟೋ ಆಮೇಲೆ. ಲೆಕ್ಕ ಕೂಡುತ್ತಿಲ್ಲ, ಅದನ್ನು ಯಾರೂ ನೋಡುತ್ತಿಲ್ಲ. ಬಾಣದ ಶಕ್ತಿ ಅಂದರೆ ಗ್ರೇನ್ ಗುಣಿಸು ವೇಗ, ಮತ್ತೆ ಗುಣಿಸು ವೇಗ, ಭಾಗಿಸು 450240. ಹಳೇ ಬಾಣಕ್ಕೆ 60 ಅಡಿ-ಪೌಂಡ್. ಹೊಸದು ನಿಜಕ್ಕೂ 400 ಆಗಿದ್ದರೆ ಬರೀ 53. ಅದೇ ಬಿಲ್ಲಿನಲ್ಲಿ ಭಾರದ ಬಾಣಕ್ಕೆ ಶಕ್ತಿ ಇಷ್ಟು ಕಮ್ಮಿ ಆಗುವ ಹಾಗೇ ಇಲ್ಲ, ಸ್ವಲ್ಪ ಜಾಸ್ತಿ ಆಗಬೇಕು. ಬಿಲ್ಲು ಬಾಣವನ್ನಷ್ಟೇ ತಳ್ಳುವುದಿಲ್ಲ. ಸ್ಟ್ರಿಂಗ್, ಕ್ಯಾಮ್, ಲಿಂಬ್ ತುದಿ, ಎಲ್ಲವನ್ನೂ ಓಡಿಸಬೇಕು. ಬಾಣ ಭಾರವಾದರೆ ಅವೆಲ್ಲ ನಿಧಾನಕ್ಕೆ ಓಡುತ್ತವೆ, ತಿನ್ನುವ ಶಕ್ತಿ ಕಮ್ಮಿ, ಉಳಿದದ್ದು ಬಾಣಕ್ಕೆ. ನಿಮಗೆ ಸದ್ದು ಕಮ್ಮಿಯಾಗಿದ್ದೂ ಅದಕ್ಕೇ. 50 ಗ್ರೇನ್‌ಗೆ 15ರಿಂದ 17 ಅಡಿ ಹೋದರೆ ಸರಿ. 33 ಅಲ್ಲ.

ಕ್ಯಾಮ್‌ಹುಚ್ಚ:
ಅದಕ್ಕೇ ಸ್ಟ್ರಿಂಗ್ ಅಂದಿದ್ದು. ಶಕ್ತಿ ಅಲ್ಲೇ ಸೋರುತ್ತಿದೆ.

ಲೆಕ್ಕದವ:
ಹಾಗಾದರೆ ಹಳೇ ಬಾಣವೂ ನಿಧಾನ ಆಗಿರಬೇಕು. ಇವತ್ತು ಅದನ್ನು ಹೊಡೆದು ನೋಡಿದಿರಾ?

ಗುರಿತಪ್ಪಿದವ:
ಈಗ ಹೊಡೆದೆ. 277, 278, 277.

ಹಳೇಬಿಲ್ಲು:
ಬಿಲ್ಲು ಚೆನ್ನಾಗಿದೆ. ಹೊಸ ಬಾಣ 400 ಗ್ರೇನ್ ಅಂತ ಯಾರು ಹೇಳಿದ್ದು?

ಗುರಿತಪ್ಪಿದವ:
ಶಾಫ್ಟ್ (ಬಾಣದ ಕಡ್ಡಿ) ಮೇಲೇ ಬರೆದಿದೆಯಲ್ಲ, 400. ಹಳೇದನ್ನು ಗೆಳೆಯ ತೂಗಿ ಕೊಟ್ಟಿದ್ದ.

ಹಳೇಬಿಲ್ಲು:
ಅಯ್ಯೋ. ಅದು ಸ್ಪೈನ್! 28 ಇಂಚು ಅಂತರದಲ್ಲಿ ಶಾಫ್ಟ್ ಇಟ್ಟು ನಡುವೆ 1.94 ಪೌಂಡ್ ತೂಗುಹಾಕಿದರೆ 0.400 ಇಂಚು ಬಾಗುತ್ತದೆ ಅಂತ ಅರ್ಥ. ತೂಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಪಾಯಿಂಟ್ (ಮೊನೆ), ಇನ್ಸರ್ಟ್ (ಮೊನೆ ಕೂರುವ ತುಂಡು), ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ), ವೇನ್ (ರೆಕ್ಕೆ) ಎಲ್ಲ ಇರುವ ಪೂರ್ತಿ ಬಾಣವನ್ನು ತೂಗಿ.

ಗುರಿತಪ್ಪಿದವ:
ಗ್ರಾಂ ತಕ್ಕಡಿ ಇತ್ತು. ಬಾಣ ಒಂದು ಕಡೆಗೆ ವಾಲುತ್ತಿತ್ತು, ಚಿಕ್ಕ ಲೋಟ ಇಟ್ಟು, ಸೊನ್ನೆ ಮಾಡಿ, ಅದರೊಳಗೆ ನಿಲ್ಲಿಸಿದೆ. 30.4 ಗ್ರಾಂ. ಮೂರು ಸಲ ನೋಡಿದೆ.

ಲೆಕ್ಕದವ:
15.43ರಿಂದ ಗುಣಿಸಿ, 469 ಗ್ರೇನ್. 245 ಅಡಿಗೆ ಶಕ್ತಿ 62.5. ಈಗ ಕೂಡಿತು ನೋಡಿ. ನೀವು ಹಾಕಿದ್ದು 50 ಗ್ರೇನ್ ಅಲ್ಲ, 119.

ಗುರಿತಪ್ಪಿದವ:
ನಾಚಿಕೆ ಆಗ್ತಿದೆ. ಪಾಯಿಂಟ್ 125 ಗ್ರೇನ್, ಜೊತೆಗೆ 50ರ ಹಿತ್ತಾಳೆ ಇನ್ಸರ್ಟ್ ಬೇರೆ ಕೂರಿಸಿದ್ದೇನೆ. ಅದನ್ನು ತೆಗೆಯಬಹುದಾ?

ಹಳೇಬಿಲ್ಲು:
ಹಾಟ್‌ಮೆಲ್ಟ್ ಅಂಟಾದರೆ ಬರುತ್ತದೆ. ಪಾಯಿಂಟ್ ತಿರುಗಿಸಿ ಹಾಕಿ ಪಾಯಿಂಟ್ ಅನ್ನೇ ಬಿಸಿ ಮಾಡಿ, ಕಾರ್ಬನ್‌ಗೆ ಬೆಂಕಿ ತೋರಿಸಬೇಡಿ. ಎಪಾಕ್ಸಿಯಾದರೆ ಆಸೆ ಬಿಡಿ. ಮುಂದಿನ ಭಾರ ಇಳಿದರೆ ಬಾಣ ಗಟ್ಟಿಯಾದ ಹಾಗೆ ನಡೆದುಕೊಳ್ಳುತ್ತದೆ, ಟ್ಯೂನಿಂಗ್ ಮತ್ತೆ ನೋಡಬೇಕು.

ಗುರಿತಪ್ಪಿದವ:
ಎಪಾಕ್ಸಿ. ಹನ್ನೆರಡಕ್ಕೂ.

ಕ್ಯಾಮ್‌ಹುಚ್ಚ:
ಹಳೇ ಬಾಣ ಎರಡು ಸಲ 277 ಬಂದಿದೆ. ಮೊದಲು 278 ಇತ್ತಲ್ವಾ? ಟೈಮಿಂಗ್ ಒಂದು ಸಲ ನೋಡಿಸಿ.