ಬಳ್ಳಾರಿಯಲ್ಲಿ ಮಗನ ಕಾಲೇಜಿನ ಮೊದಲ ವಾರ: ಕುವೈತ್‌ನ ಅಕ್ಕನಿಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಕುವೈತ್‌ನಲ್ಲಿರುವ ಅಕ್ಕ ಒಬ್ಬರು ಮೊನ್ನೆ ನಮ್ಮ ಈ ಗುಂಪಿನಲ್ಲಿ ಕೇಳಿದ್ದರು: ಮಗಳಿಗೆ ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಮೊದಲ ವಾರ ಹೇಗಿರುತ್ತದೆ, ನಾವು ರಜೆ ಹಾಕಿ ಬರಬೇಕಾ ಅಂತ. ಅದಕ್ಕೆ ಒಬ್ಬರು ಅಣ್ಣ, "ನಮ್ಮೂರಿಗೇ ತಾನೆ ಹೋಗ್ತಿರೋದು, ಹೊಂದಿಕೊಳ್ತಾಳೆ ಬಿಡಿ" ಅಂದಿದ್ದರು. ಹೋದ ವರ್ಷ ಮಗನನ್ನು ಕಳಿಸುವಾಗ ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ. ಮಸ್ಕತ್‌ಗೆ ಬಂದು 19 ವರ್ಷ ಆಯ್ತು. ಮಗ ಹುಟ್ಟಿದ್ದು, ಓದಿದ್ದು ಎಲ್ಲಾ ಇಲ್ಲೇ, ಸಿಬಿಎಸ್‌ಇ ಶಾಲೆಯಲ್ಲಿ. ಗಲ್ಫ್‌ನಲ್ಲಿರುವ ನಮ್ಮಂಥವರು ಹನ್ನೆರಡನೇ ಕ್ಲಾಸ್ ಮುಗಿದ ಮೇಲೆ ಮಕ್ಕಳನ್ನು ಊರಿಗೆ ಕಳಿಸುವುದೇ ಜಾಸ್ತಿ. ನಾವು ಇಲ್ಲೇ ಉಳಿಯುತ್ತೇವೆ. ನಾವು ಬಿಟ್ಟು ಬಂದ ಊರಿಗೆ ಹದಿನೆಂಟರ ಮಗು ಒಬ್ಬನೇ ಹೋಗುತ್ತಾನೆ. ನಮಗೆ ಅದು ತವರು. ಅವನಿಗೆ ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯಿಂದ ನೋಡಿದ ಊರು, ಅಷ್ಟೇ.

ಮೊದಲು ಕಾಗದಪತ್ರದ ಮಾತು ಮುಗಿಸುತ್ತೇನೆ. ಟಿಸಿ, ಬೋರ್ಡ್ ಕೊಡುವ ಮೈಗ್ರೇಷನ್ ಸರ್ಟಿಫಿಕೇಟ್, 10 ಮತ್ತು 12ನೇ ತರಗತಿಯ ಮಾರ್ಕ್ಸ್ ಕಾರ್ಡ್, ಎಲ್ಲದರ ಒರಿಜಿನಲ್ ಬೇಕು. ಮೂರು ಸೆಟ್ ಜೆರಾಕ್ಸ್, ಒಂದು ಡಜನ್ ಫೋಟೊ ಜೊತೆಗಿರಲಿ. ನಾವು ಮೈಗ್ರೇಷನ್ ಒರಿಜಿನಲ್ ಮಸ್ಕತ್‌ನ ಕಪಾಟಿನಲ್ಲೇ ಬಿಟ್ಟು ಹೋಗಿದ್ದೆವು. ಆಫೀಸಿನವರು ಮುಚ್ಚಳಿಕೆ ಬರೆಸಿಕೊಂಡು ಹದಿನೈದು ದಿನ ಟೈಮ್ ಕೊಟ್ಟರು, ಪುಣ್ಯ. ಇನ್ನೊಂದು ಮುಖ್ಯ ವಿಷಯ ಆಧಾರ್. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಈಗ 182 ದಿನ ಕಾಯಬೇಕಿಲ್ಲ. 2019ರಿಂದ ಊರಿಗೆ ಬಂದ ಕೂಡಲೇ ಅರ್ಜಿ ಹಾಕಬಹುದು. ಹೋದ ರಜೆಯಲ್ಲೇ ಮಾಡಿಸಿದ್ದರೆ ಒಳ್ಳೆಯದು, ಅದಕ್ಕೆ ಭಾರತದ ಮೊಬೈಲ್ ನಂಬರ್ ಜೋಡಿಸಿರಿ. ಮೊದಲ ವಾರ ಎಲ್ಲದಕ್ಕೂ ಓಟಿಪಿ ಕೇಳುತ್ತಾರೆ. ಒಮಾನ್ ನಂಬರ್ ಇಟ್ಟುಕೊಂಡು ನಿಂತರೆ ಕೆಲಸ ಆಗುವುದಿಲ್ಲ.

ಇನ್ನು ವಾರದ ಮಾತು. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ಹೇಳುವ ಪ್ರಕಾರ ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಮೂರು ವಾರದ ಇಂಡಕ್ಷನ್, ಅಂದರೆ ಹೊಸಬರನ್ನು ಕಾಲೇಜಿಗೆ ಹೊಂದಿಸುವ ಕಾರ್ಯಕ್ರಮ, ಇರಬೇಕು. ಯೋಗ, ಆಟ, ಮಾನವೀಯ ಮೌಲ್ಯಗಳ ಪಾಠ, ಊರು ಸುತ್ತಿಸುವುದು ಎಲ್ಲಾ ಅದರಲ್ಲಿದೆ. ನಮ್ಮ ಮಗನ ಕಾಲೇಜಿನಲ್ಲಿ ಒಂದು ವಾರ ಅದಕ್ಕಾಗಿಯೇ ಇಟ್ಟಿದ್ದರು, ಉಳಿದದ್ದು ಕ್ಲಾಸಿನ ನಡುವೆ ನಡೆಯಿತು. ಮೊದಲ ದಿನ ತಂದೆತಾಯಿಯನ್ನೂ ಕರೆಯುತ್ತಾರೆ. ನಾಡಗೀತೆ, ದೀಪ ಹಚ್ಚುವುದು, ಶಾಲು ಹೊದಿಸುವುದು, ಭಾಷಣ. ಭಾಷಣ ಉದ್ದ ಇರುತ್ತದೆ. ಆದರೆ ನಡುವೆ ಒಬ್ಬರು ಎದ್ದು ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ನಿಯಮಗಳನ್ನು ಹೇಳುತ್ತಾರೆ. ಅಷ್ಟು ಹೊತ್ತು ಮಗಳು ಪೆನ್ನು ಹಿಡಿದು ಕೂರಲಿ. ಹಾಜರಾತಿ 85 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅರ್ಧ ಅಂಕ ಕಾಲೇಜಿನ ಒಳಗಿನ ಪರೀಕ್ಷೆ, ಅಸೈನ್‌ಮೆಂಟ್‌ಗಳಿಂದಲೇ ಬರುತ್ತವೆ. ಕೊನೆಗೆ ಓದಿ ಪಾಸ್ ಆಗುತ್ತೇನೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪಾಠದ ಹೊರಗಿನ ಚಟುವಟಿಕೆಗಳಿಗೆ ಕೊಡುವ ಆಕ್ಟಿವಿಟಿ ಪಾಯಿಂಟ್ ನಾಲ್ಕು ವರ್ಷದಲ್ಲಿ 100 ಬೇಕು. ಮೊದಲು ಫಿಸಿಕ್ಸ್ ಓದುವವರದು ಫಿಸಿಕ್ಸ್ ಸೈಕಲ್, ಮೊದಲು ಕೆಮಿಸ್ಟ್ರಿ ಓದುವವರದು ಕೆಮಿಸ್ಟ್ರಿ ಸೈಕಲ್ ಅಂತ ಎರಡು ಗುಂಪು ಮಾಡುತ್ತಾರೆ, ಮುಂದಿನ ಸೆಮಿಸ್ಟರ್‌ಗೆ ಅದಲುಬದಲು. ಮಗ ಇದೆಲ್ಲಾ ಬರೆದುಕೊಂಡಿದ್ದ. ಅವನ ನೋಟ್‌ಬುಕ್ ಆಮೇಲೆ ಹಾಸ್ಟೆಲ್‌ನಲ್ಲಿ ರೂಮಿಂದ ರೂಮಿಗೆ ಓಡಾಡಿತು.

ಅದೇ ದಿನ ನನಗೂ ಒಂದು ಪಾಠ ಆಯ್ತು. ಕೌಂಟರ್‌ನಲ್ಲಿ ಅವನಿಗೆ ಕೇಳಿದ ಪ್ರಶ್ನೆಗೆಲ್ಲ ನಾನೇ ಉತ್ತರ ಕೊಡುತ್ತಿದ್ದೆ. ಬ್ಲಡ್ ಗ್ರೂಪ್ ಕೂಡ ನಾನೇ ಹೇಳಿದೆ. ಕ್ಲರ್ಕ್ ತಲೆ ಎತ್ತಿ, "ಅಮ್ಮಾ, ಹುಡುಗ ಮಾತಾಡ್ಲಿ ಬಿಡ್ರಿ" ಅಂದರು. ಪ್ರೀತಿಯಿಂದಲೇ ಅಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಎರಡನೇ ದಿನ ಮಧ್ಯಾಹ್ನ ನಡೆದದ್ದನ್ನು ಈ ಗುಂಪಿನ ಎಲ್ಲಾ ತಂದೆತಾಯಿಗೂ ಹೇಳಬೇಕು. ವಿಟಿಯುನಲ್ಲಿ ಮೊದಲ ವರ್ಷ ಒಂದು ಕನ್ನಡ ವಿಷಯ ಇರುತ್ತದೆ. ಕನ್ನಡ ಬರುವವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ. ಒಂದೇ ಒಂದು ಕ್ರೆಡಿಟ್. ಯಾವುದು ಬೇಕೋ ಗುರುತು ಹಾಕಿ ಅಂತ ಹಾಳೆ ಕೊಟ್ಟಿದ್ದರು. ನಾನು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದೆ. ಮಗ ಹಾಳೆ ಹಿಡಿದುಕೊಂಡು ಬಂದ. "ಅಮ್ಮ, ನನಗೆ ಕನ್ನಡ ಬರುತ್ತಾ, ಬರಲ್ವಾ?" ಅಂದ.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಯಲ್ಲಿ ನಾವು ಆಡುವುದು ಕನ್ನಡವೇ. ಜಗಳ ಆಡುತ್ತಾನೆ, ನಗಿಸುತ್ತಾನೆ, ಅಜ್ಜಿಯ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಾನೆ. ಆದರೆ ಓದಲು ಕೊಟ್ಟರೆ ಬಸ್ಸಿನ ಬೋರ್ಡ್‌ಗೇ ನಿಂತು ಹೋಗುತ್ತದೆ. ಮಸ್ಕತ್‌ಗೆ ಫೋನ್ ಮಾಡಿದೆವು. ಅವರಪ್ಪ, "ಬಳ್ಳಾರಿಯವರು ನಾವು, ಸಾಂಸ್ಕೃತಿಕ ಹಾಕು" ಅಂದರು. ಮಗ ಮೆಲ್ಲಗೆ, "ಪರೀಕ್ಷೆ ಬರೆಯೋದು ನಾನಲ್ವಾ ಅಪ್ಪಾ" ಅಂದ.

ಆಮೇಲೆ ಅವನೇ ಕನ್ನಡ ಮೇಡಂ ಹತ್ತಿರ ಹೋದ. ಅವರು ಒಂದು ಪುಟ ತೆಗೆದು ಓದಲು ಹೇಳಿದರಂತೆ. ಬೆರಳು ಇಟ್ಟುಕೊಂಡು ನಾಲ್ಕು ಸಾಲು ಓದಿದ. ಒತ್ತಕ್ಷರ ಬಂದಲ್ಲೆಲ್ಲಾ ನಿಂತ. ಅವರು ನಗಲಿಲ್ಲ, ಅವಸರ ಮಾಡಲಿಲ್ಲ. "ಮಾತು ಚೆನ್ನಾಗಿದೆ, ಅಕ್ಷರ ಮಾತ್ರ ಹಿಂದೆ ಬಿದ್ದಿದೆ. ಬಳಕೆ ಕನ್ನಡ ತಗೊಂಡ್ರೂ ನಾಚಿಕೆ ಇಲ್ಲ, ಬಿಡುವಿದ್ದಾಗ ನನ್ನ ಹತ್ತಿರ ಬಾ" ಅಂದರಂತೆ. ಅವನು ಬಳಕೆ ಕನ್ನಡಕ್ಕೆ ಗುರುತು ಹಾಕಿದ.

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನ ಮೇಲೆ ಸಿಟ್ಟಿರಲಿಲ್ಲ. ಏಳು ವರ್ಷದವನಿದ್ದಾಗ ದಿನಕ್ಕೆ ಅರ್ಧ ಗಂಟೆ ಕೂರಿಸಿ ಅ ಆ ಇ ಈ ತಿದ್ದಿಸಬೇಕಿತ್ತು. ಮಾತಾಡುತ್ತಾನಲ್ಲ, ಸಾಕು ಅಂತ ಬಿಟ್ಟೆ. ಚಿಕ್ಕ ಮಕ್ಕಳಿರುವ ತಂಗಿಯರು, ತಮ್ಮಂದಿರು ಇಲ್ಲಿ ತುಂಬಾ ಜನ ಇದ್ದೀರಿ. ಮಾತಿನ ಜೊತೆ ಅಕ್ಷರವನ್ನೂ ಕೊಡಿ. ಹದಿನೆಂಟಕ್ಕೆ ಹಾಳೆ ಹಿಡಿದು ಬಂದು ಈ ಪ್ರಶ್ನೆ ಕೇಳುವ ಪರಿಸ್ಥಿತಿ ಮಕ್ಕಳಿಗೆ ಬರಬಾರದು. ಅವನು ಗುರುತು ಹಾಕಿದ್ದು ಸರಿಯೇ. ಆ ಕ್ಲಾಸಿನಲ್ಲಿ ಆಂಧ್ರದವರು, ಬಿಹಾರದವರು ಇದ್ದಾರೆ. ಆಟೋದವರ ಜೊತೆ ಹೇಗೆ ಮಾತಾಡಬೇಕು, ಲೆಕ್ಕ ಹೇಗೆ ಕೇಳಬೇಕು ಅಂತ ಅವರೆಲ್ಲಾ ಇವನನ್ನೇ ಕೇಳುತ್ತಾರೆ. ಅವನು ಅವರ ಜೊತೆ ಕೂತು ಅಕ್ಷರ ಕಲಿಯುತ್ತಾನೆ.

ಹಾಸ್ಟೆಲ್ ಮಾತು. ಮೂರನೇ ರಾತ್ರಿ ಫೋನ್ ಮಾಡಿ, "ಅಮ್ಮ, ಇಲ್ಲಿ ಎಲ್ಲರೂ ನನ್ನ ಜೊತೆ ಕೆಟ್ಟದಾಗಿ ಮಾತಾಡ್ತಾರೆ" ಅಂದ. ಎದೆ ಧಸಕ್ ಅಂತು. ಏನಂದರು ಅಂತ ಕೇಳಿದೆ. ಪಕ್ಕದ ರೂಮಿನ ಹುಡುಗ ಬಾಗಿಲು ಬಡಿದು, "ಯಾಕ್ಲೇ, ಊಟಕ್ಕ ಬರಂಗಿಲ್ಲೇನ್ಲೇ?" ಅಂದಿದ್ದನಂತೆ. ಆ "ಲೇ" ಇವನಿಗೆ ಬೈಗುಳದ ಹಾಗೆ ಕೇಳಿಸಿದೆ. ಊಟಕ್ಕೆ ಕರೆಯಲು ಬಂದಿದ್ದಾನೆ ಕಣೋ, ನಿನ್ನನ್ನ ಬಿಟ್ಟು ಹೋಗಲು ಮನಸ್ಸಿಲ್ಲ ಅವನಿಗೆ, ಅಂತ ತಿಳಿಸಿ ಹೇಳಿದೆ. ವರ್ಷಗಟ್ಟಲೆ ಊರಿಂದ ಹೊರಗಿದ್ದು ನಮ್ಮನೆಯ ಮಾತು ಸಪಾಟಾಗಿಬಿಟ್ಟಿದೆ, ಆ ಧಾಟಿಯನ್ನು ಮಗನಿಗೆ ನಾವು ಕೇಳಿಸಿಯೇ ಇರಲಿಲ್ಲ. ನಿಮ್ಮ ಮಗಳಿಗೂ ಹೊರಡುವ ಮುಂಚೆ ಇದನ್ನು ಹೇಳಿಡಿ ಅಕ್ಕ. ಜೊತೆಗೆ ತೆಲುಗೂ ಕಿವಿಗೆ ಬೀಳುತ್ತಿರುತ್ತದೆ, ಗಡಿ ಊರು ಅಲ್ವಾ.

ಹಾಗಂತ ಎಲ್ಲವನ್ನೂ ಪ್ರೀತಿ ಅಂತ ತಳ್ಳಿಬಿಡಬಾರದು. ರಾತ್ರಿ ರೂಮಿಗೆ ಕರೆಸಿ ನಿಲ್ಲಿಸುವುದು, ಹಾಡು ಕುಣಿ ಅನ್ನುವುದು, ತಮ್ಮ ಲ್ಯಾಬ್ ರೆಕಾರ್ಡ್ ಬರೆಸುವುದು, ಇದು ರ‍್ಯಾಗಿಂಗ್. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2009ರಲ್ಲೇ ಇದರ ವಿರುದ್ಧ ನಿಯಮ ತಂದಿದೆ. ಪ್ರತಿ ವರ್ಷ ವಿದ್ಯಾರ್ಥಿ ಮತ್ತು ಪೋಷಕರು ಇಬ್ಬರೂ ಅಫಿಡವಿಟ್ ಕೊಡಬೇಕು. ಅದನ್ನು ಸುಮ್ನೆ ಸಹಿ ಮಾಡಿ ಎಸೆಯಬೇಡಿ, ಒಮ್ಮೆ ಮಗಳ ಜೊತೆ ಕೂತು ಓದಿ. 1800-180-5522 ಸಹಾಯವಾಣಿ 24 ಗಂಟೆಯೂ ಇರುತ್ತದೆ. ಇಬ್ಬರ ಫೋನಿನಲ್ಲೂ ಸೇವ್ ಮಾಡಿಟ್ಟುಕೊಳ್ಳಿ.

ಮಕ್ಕಳನ್ನು ಮೆಡಿಕಲ್‌ಗೆ ಕಳಿಸುವವರೂ ಕೇಳಿದ್ದರು. 1961ರಲ್ಲಿ ಶುರುವಾದ ಬಳ್ಳಾರಿಯ ನಮ್ಮ ಸರ್ಕಾರಿ ಮೆಡಿಕಲ್ ಕಾಲೇಜು ವಿಮ್ಸ್ ಸೇರಿ ಎಲ್ಲಾ ಕಡೆ ಎಂಬಿಬಿಎಸ್ ಮಕ್ಕಳಿಗೆ ಮೊದಲು ಫೌಂಡೇಷನ್ ಕೋರ್ಸ್ ಇರುತ್ತದೆ. ಅದರಲ್ಲಿ ಸ್ಥಳೀಯ ಭಾಷೆಯ ಪಾಠವೂ ಉಂಟು. ವಾರ್ಡಿನಲ್ಲಿ ಅಜ್ಜಿ ಒಬ್ಬರು "ಹೊಟ್ಟಿ ಕಡಿಯಾಕತ್ತೈತ್ರಿ" ಅಂದರೆ ಡಾಕ್ಟರಿಗೆ ಅರ್ಥ ಆಗಬೇಕಲ್ಲ.

ಊಟದ ಚಿಂತೆ ಜಾಸ್ತಿ ಬೇಡ. ಮೆಸ್ಸಿನ ರೊಟ್ಟಿ ಮೊದಲ ವಾರ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕೊಟ್ಟು ಕಳಿಸಿ, ಅದು ಗೆಳೆತನವನ್ನೂ ಮಾಡಿಸುತ್ತದೆ. ನೀರು ಮಾತ್ರ ಫಿಲ್ಟರ್‌ದೇ ಕುಡಿಯಲಿ. ಬಿಸಿಲು ಮಸ್ಕತ್, ಕುವೈತ್ ಕಂಡ ಮಕ್ಕಳಿಗೆ ಹೊಸದಲ್ಲ, ಆದರೆ ಅಲ್ಲಿ ಕ್ಲಾಸಿನಲ್ಲಿ ಎಸಿ ಇರುವುದಿಲ್ಲ. ಹತ್ತಿಬಟ್ಟೆ ಜಾಸ್ತಿ ಇರಲಿ.

ಈಗ ನೀವು ಬರಬೇಕಾ ಅನ್ನುವ ಪ್ರಶ್ನೆ. ಬನ್ನಿ ಅಕ್ಕ. ಒಂದು ವಾರ ರಜೆ ಸಿಕ್ಕರೆ ಹಾಕಿ. ಮೊದಲ ಎರಡು ದಿನ ಕಾಲೇಜಿಗೆ ಜೊತೆಯಲ್ಲಿ ಹೋಗಿ, ಹಾಸ್ಟೆಲ್ ರೂಮು, ಬಾತ್‌ರೂಮು, ವಾರ್ಡನ್ ಎಲ್ಲಾ ನೋಡಿ. ಮೂರನೇ ದಿನದಿಂದ ಗೇಟಿನ ಒಳಗೆ ಹೋಗಬೇಡಿ. ಆದರೆ ಊರಲ್ಲೇ ಇರಿ. ನಾನು ಹಾಗೇ ಮಾಡಿದೆ, ಅವ್ವನ ಮನೆಯಲ್ಲಿ ಉಳಿದೆ. ಭಾನುವಾರ ಮಗ ಬರುತ್ತಾನೆ ಅಂತ ಅವ್ವ ಬೆಳಿಗ್ಗೆಯೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಲು ಎಲ್ಲಾ ಹೆಚ್ಚಿಟ್ಟಿದ್ದಳು. ಹತ್ತು ಗಂಟೆಗೆ ಫೋನ್ ಬಂತು. "ಅಮ್ಮ, ನಾವು ಐದು ಜನ ಗುಡ್ಡ ಹತ್ತೋಕೆ ಬಂದಿದ್ದೀವಿ, ಇಲ್ಲೇ ಮಿರ್ಚಿ ತಿಂದ್ವಿ, ಸಂಜೆ ಬರ್ತೀವಿ" ಅಂದ. ಹಿಂದಿನಿಂದ ಯಾರೋ "ಬಾರಲೇ ಬಿಸಿಲಾಗತೈತಿ" ಅಂತ ಕೂಗುತ್ತಿದ್ದರು. ಆ ಗುರುವಾರ ನಾನು ಮಸ್ಕತ್‌ಗೆ ವಾಪಸ್ ಹೊರಟೆ.

ಮಗಳು ಯಾವತ್ತು ಬರುತ್ತಾಳೆ ಅಂತ ನನಗೆ ಮೆಸೇಜ್ ಹಾಕಿ. ಅವ್ವನಿಗೆ ಹೇಳಿಟ್ಟಿದ್ದೇನೆ. ಮೊದಲ ಭಾನುವಾರದ ಊಟ ನಮ್ಮ ಮನೆಯಲ್ಲೇ, ರೂಮ್‌ಮೇಟ್ ಇದ್ದರೆ ಅವಳನ್ನೂ ಕರೆದುಕೊಂಡು ಬರಲಿ.